ಒರಳಿನ ಹೊಲಸು

ನಾನು ಒಂದು ಒರಳು. ಅಡುಗೆಮನೆಯದಲ್ಲ, ಪ್ರಯೋಗಾಲಯದ್ದು. ಅಂಗೈಯಲ್ಲಿ ಕೂರುವಷ್ಟು ಚಿಕ್ಕವನಾದರೂ ಗತ್ತಿಗೇನೂ ಕಡಿಮೆಯಿಲ್ಲ. ಗುಜರಾತಿನ ಖಂಭಾತದಲ್ಲಿ ಅಗೇಟ್ ಎಂಬ ಗಟ್ಟಿ ಕಲ್ಲನ್ನು ಕಡೆದು, ಕನ್ನಡಿಯಂತೆ ಉಜ್ಜಿ ನನ್ನನ್ನು ಮಾಡಿದರು.

ಧಾರವಾಡಕ್ಕೆ ಬಂದಾಗ ಮೊದಲು ಮಹಾಂತೇಶನೆಂಬ ವಿದ್ಯಾರ್ಥಿಯ ಕೈಗೆ ಸಿಕ್ಕೆ. ಪಿಂಗಾಣಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಅವನು ನನ್ನಲ್ಲಿ ಮೆಗ್ನೀಸಿಯಂನ ಬಿಳಿ ಪುಡಿ ಅರೆಯುತ್ತಿದ್ದ. ಒಮ್ಮೆ ಕೈಜಾರಿ ಕೆಡವಿದ. ನನ್ನ ತಳದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಅವನು ಡಿಗ್ರಿ ಪಡೆದು ಹೋದ. ನಾನು ನೀಲಾಂಬಿಕೆಯ ಪಾಲಿಗೆ ಬಂದೆ.

ನೀಲಾ ಗದಗದ ಕಡೆಯ ಹುಡುಗಿ. ಅವಳೂರಿನ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯಂತ್ರಗಳಿವೆ. ಗಾಳಿ ನಿಂತರೆ ಅವೂ ನಿಲ್ಲುತ್ತವೆ.

"ಗಾಳಿ ಇದ್ದಾಗ ಕರೆಂಟ್ ಕೂಡಿಸಿ ಇಡಾಕ ಸೋವಿ ಬ್ಯಾಟರಿ ಬೇಕ್ರಿ ಸರ್. ಉಪ್ಪಿನಾಗಿನ ಸೋಡಿಯಂದ ಮಾಡೂಣ್ರಿ," ಎಂದು ಹಟ ಹಿಡಿದು ಪ್ರೊಫೆಸರ್ ಹೊಂಬಳರ ಬಳಿ ಸಂಶೋಧನೆಗೆ ಸೇರಿದ್ದಳು.

ದಿನವೂ ಕಪ್ಪು ಪುಡಿ ಅರೆದು, ಕುಲುಮೆಯಲ್ಲಿ ಸುಟ್ಟು, ಅಂಗಿಯ ಗುಂಡಿಯಷ್ಟು ಬ್ಯಾಟರಿ ಮಾಡುವಳು. ಅದೋ, ನಾಲ್ಕಾರು ಸಲ ಚಾರ್ಜ್ ಮಾಡುವಷ್ಟರಲ್ಲಿ ಸೊರಗುವುದು. ಅವಳ ಅಂಗೈಯಲ್ಲಿ ಬೊಕ್ಕೆಗಳೆದ್ದವು. "ಒರಳಾಗ ತಲಿ ಇಟ್ಟ ಮ್ಯಾಲ ಒನಕಿಗೆ ಅಂಜಿದ್ರ ಹೆಂಗ?" ಎಂದು ನನ್ನ ಮುಂದೆಯೇ ಹೇಳಿ ಮತ್ತೆ ಅರೆಯುವಳು. ನನಗೆ ನಗು ಬರುತ್ತಿತ್ತು, ಅವಳ ಮೇಲೆ ಪ್ರೀತಿಯೂ ಬರುತ್ತಿತ್ತು.

ಒಂದು ದಿನ ಸಿಟ್ಟಿನಿಂದ ಎಂದೂ ಇಲ್ಲದಷ್ಟು ಒತ್ತಿ ಅರೆದಳು. ಬಿರುಕಿನಲ್ಲಿ ಗಟ್ಟಿಯಾಗಿ ಕೂತಿದ್ದ ಮಹಾಂತೇಶನ ಪುಡಿ ಎದ್ದು ಅವಳ ಪುಡಿಯೊಳಗೆ ಸೇರಿತು. ಅವಳಿಗೆ ಗೊತ್ತಾಗಲಿಲ್ಲ, ಗೊತ್ತಿದ್ದ ನನಗೆ ಬಾಯಿಲ್ಲ. ಆ ಬ್ಯಾಟರಿ ವಾರಗಟ್ಟಲೆ ಸೊರಗಲೇ ಇಲ್ಲ.

ಹೊಂಬಳ ಸರ್ ಹಿರಿಹಿರಿ ಹಿಗ್ಗಿದರು. "ಪೇಪರ್ ಬರದು ಕಳಸವಾ. ನಿನ್ನ ಟೈಮೂ ಮುಗ್ಯಾಕ ಬಂತು."

"ಇನ್ನೊಮ್ಮೆ ಮಾಡಿ ನೋಡ್ತೇನ್ರಿ."

ಮಾಡಿದಳು. ಸೊರಗಿತು. ಮತ್ತೆ ಮಾಡಿದಳು, ಅದೂ ಸೊರಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲಿನದನ್ನೇ ಬರೆದು ಕಳಿಸಿದ್ದರೆ ಕೇಳುವವರಿರಲಿಲ್ಲ. ಅವಳು ಕಳಿಸಲಿಲ್ಲ. ಗೆದ್ದ ಪುಡಿಯಲ್ಲಿ ಉಳಿದಿದ್ದ ಚಿಟಿಕೆಯನ್ನು ಪರೀಕ್ಷೆಗೆ ಕೊಟ್ಟಳು. ತಾನು ಹಾಕದ ಮೆಗ್ನೀಸಿಯಂ ಅದರಲ್ಲಿತ್ತು! ಓಡಿಬಂದು ಮೊಬೈಲಿನ ಬೆಳಕು ಬಿಟ್ಟು ನನ್ನ ತಳ ನೋಡಿದಳು. ಬಿರುಕಿನೊಳಗೆ ಬಿಳಿ ಪುಡಿಯ ಚೂರು ಕಂಡಿತು.

"ಇದು ನನ್ನ ಶ್ಯಾಣೇತನ ಅಲ್ರಿ ಸರ್, ಒರಳಿನ ಹೊಲಸು," ಎಂದಳು. ಕಣ್ಣು ತುಂಬಿದ್ದವು, ದನಿ ಗಟ್ಟಿಯಾಗಿತ್ತು.

ಹೊಸ ಒರಳು ಬಂತು. ಅದರಲ್ಲಿ ಮೆಗ್ನೀಸಿಯಂ ತೂಗಿ ಬೆರೆಸಿ ಅರೆದಳು. ಒಂದರ ಹಿಂದೊಂದು ಬ್ಯಾಟರಿಗಳು ತಾಳಿದವು. ಆ ಭಾಗ್ಯ ಹೊಸಬನಿಗೆ ಸಿಕ್ಕಿತಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಪೇಪರಿನಲ್ಲಿ ಅವಳು ನನ್ನ ಬಿರುಕಿನ ಸಂಗತಿಯನ್ನೂ ಬರೆದಳು.

"ಅದನ್ನ ತಗಿಯವಾ, ಮಂದಿ ನಗ್ತಾರ," ಎಂದರು ಸರ್.

"ನಗಲಿ ಬಿಡ್ರಿ. ಮೆಗ್ನೀಸಿಯಂ ಹಾಕಬೇಕಂತ ನನಗ ಹೊಳದಿರಲಿಲ್ಲ. ಹೊಳೀತು ಅಂತ ಹೆಂಗ ಬರೀಲ್ರಿ?"

ಆ ಸಾಲು ಹಾಗೆಯೇ ಅಚ್ಚಾಯಿತು.

ಈಗ ನಾನು ಕಪಾಟಿನ ಮೂಲೆಯಲ್ಲಿದ್ದೇನೆ, ಮೈಮೇಲೆ 'ಬಳಸಬೇಡಿ' ಎಂಬ ಚೀಟಿ ಹೊತ್ತು. ಬೇಸರವಿಲ್ಲ, ಇಲ್ಲಿಂದ ಎಲ್ಲವೂ ಕಾಣುತ್ತದೆ. ಮೊನ್ನೆ ಹೊಸ ವಿದ್ಯಾರ್ಥಿನಿಯೊಬ್ಬಳು ತುಂಬ ಒಳ್ಳೆಯ ಫಲಿತಾಂಶ ಬಂತೆಂದು ಕುಣಿಯುತ್ತ ಬಂದಳು. ಹೊಂಬಳ ಸರ್ ಕನ್ನಡಕ ಏರಿಸಿಕೊಂಡು, "ಛಲೋ ಆತು. ಮೊದಲ ನಿನ್ನ ಒರಳ ತೋರ್ಸವಾ," ಎಂದರು.