ಬೀಗದಜ್ಜ ಒಳಗೆ, ಪುಟ್ಟಿ ಹೊರಗೆ

ಬೀಗದ ಕೈ ಮಾಡಿಕೊಡುವ ಬೀಗದಜ್ಜನ ಅಂಗಡಿ ಒಂದು ದಿನವೂ ಮುಚ್ಚಿದ್ದಿಲ್ಲ. ಆದ್ದರಿಂದ ಆ ಬೆಳಿಗ್ಗೆ ಹೊತ್ತೇರಿದರೂ ಅದರ ಬಾಗಿಲು ತೆರೆಯದಿದ್ದಾಗಲೇ ಬೀದಿಗೆಲ್ಲ ಸುದ್ದಿ ತಿಳಿದುಹೋಯಿತು. ಅಜ್ಜನ ಹೆಂಡತಿ ನಿದ್ದೆಯಲ್ಲೇ ದೇವರ ಪಾದ ಸೇರಿದ್ದಳು. ಎದುರಿನ ಸೈಕಲ್ ರಿಪೇರಿಯವನು ತನ್ನ ಅಂಗಡಿಯನ್ನೂ ಮುಚ್ಚಿ, ಗೆಳೆಯನ ಪಕ್ಕ ಬಂದು ಕುಳಿತ. ಮೂರೂವರೆ ವರ್ಷದ ಮೊಮ್ಮಗಳು ಪುಟ್ಟಿ ಮಾತ್ರ ಎಲ್ಲರ ಮುಖ ನೋಡುತ್ತ, “ಅಜ್ಜಿ ಯಾವಾಗ ಏಳ್ತಾಳೆ?” ಎಂದು ಕೇಳುತ್ತಿದ್ದಳು. ಕೆಲವು ದಿನಗಳ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ನಗುವುದನ್ನೂ ಬಿಟ್ಟಳು.

ಪುಟ್ಟಿಯನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವಳು ಅಜ್ಜಿಯೇ. ಅಪ್ಪ ಲಾರಿ ಓಡಿಸುವವನು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಮ್ಮ, ಅಂದರೆ ಬೀಗದಜ್ಜನ ಮಗಳು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಅವಳ ರಜೆ ಮುಗಿಯುತ್ತ ಬಂತು.

“ಅಪ್ಪಾ, ಪುಟ್ಟೀನ ಸರ್ಕಾರದ ಶಿಶುಕೇಂದ್ರಕ್ಕೆ ಸೇರಿಸೋಣ. ಬೀದಿ ಕೊನೇಲೇ ಇದೆ.”

“ನಿಮ್ಮಮ್ಮ ಇದ್ದಿದ್ರೆ ಈ ಮಾತು ಆಡ್ತಿದ್ಯಾ? ಮಗೂನ ಕಂಡೋರ ಕೈಗೆ ಕೊಡೋದಾ? ನಾನಿಲ್ವಾ?”

“ಇದ್ದೀಯಪ್ಪ. ನಿನ್ನ ಕನ್ನಡಕ ಎಲ್ಲಿದೆ ಅಂತಾನೇ ನಿಂಗೆ ಗೊತ್ತಿರಲ್ಲ. ಮಗು ಎಲ್ಲಿದೆ ಅಂತ ಗೊತ್ತಿರತ್ತಾ?”

“ಕನ್ನಡಕ ಕೂಗಿದ್ರೆ ‘ಓ’ ಅನ್ನಲ್ಲ. ಮಗು ಅನ್ನತ್ತೆ.”

ಮಗಳು ತಲೆ ಚಚ್ಚಿಕೊಂಡಳು. ಮರುದಿನ ಅವಳು ಹೇಳಿದ್ದಕ್ಕೆ ಶಿಶುಕೇಂದ್ರದ ಟೀಚರಮ್ಮ ತಾವೇ ಅಂಗಡಿಗೆ ಬಂದರು. ಅಜ್ಜ ಸೊಂಟದ ಮೇಲೆ ಕೈಯಿಟ್ಟು ವಿಚಾರಣೆಗೆ ನಿಂತ.

“ಅಲ್ಲಿ ಏನು ಕಲಿಸ್ತೀರಿ?”

“ಆಟ ಆಡಿಸ್ತೀವಿ, ಕಥೆ ಹೇಳ್ತೀವಿ, ಹಾಡು ಹೇಳಿಸ್ತೀವಿ.”

“ಆಡೋಕೂ ಸರ್ಕಾರ ಬೇಕಾ? ನಾಳೆ ಆಕಳಿಸೋಕೂ ಒಂದು ಇಲಾಖೆ ಮಾಡ್ತಾರಾ?”

“ಮಾಡಿದ್ರೆ ಅದಕ್ಕೆ ನಿಮ್ಮನ್ನೇ ಸಾಹೇಬರನ್ನಾಗಿ ಮಾಡಿಸ್ತೀನಿ, ಅಜ್ಜ,” ಎಂದು ಟೀಚರಮ್ಮ ನಕ್ಕರು. “ಶಾಲೆಗೆ ಹೋಗೋ ಮುಂಚಿನ ಈ ವರ್ಷಗಳಲ್ಲೇ ಮಗೂನ ಬುದ್ಧಿ ಚೆನ್ನಾಗಿ ಬೆಳೆಯೋದು. ಅದಕ್ಕೇ ಸರ್ಕಾರ ಇಷ್ಟು ಚಿಕ್ಕ ಮಕ್ಕಳಿಗೂ ಕಲಿಕೆ ಬೇಕು ಅಂತ ನೀತಿ ಮಾಡಿರೋದು.”

“ನಮ್ಮ ಪುಟ್ಟಿ ನನ್ನ ಹತ್ರಾನೇ ಬೆಳೀತಾಳೆ ಬಿಡಿ.”

ಮಗಳು ಬೇರೆ ದಾರಿ ಕಾಣದೆ ಕೆಲಸಕ್ಕೆ ಹೋದಳು. ಅಜ್ಜ ಮೊಮ್ಮಗಳನ್ನು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, “ಸುಮ್ನೆ ಕೂತಿರು” ಎಂದ. ಅವಳು ಸುಮ್ಮನೆ ಕೂತಳು. ದಿನವೆಲ್ಲ ಕೂತಳು. ಒಂದೇ ಒಂದು ಪಾಠವನ್ನು ಅಜ್ಜ ಕಲಿಸಿದ್ದ. ಎಲ್ಲೇ ಬೀಗದ ಕೈ ಸಿಕ್ಕಲಿ, ಎತ್ತಿ ಡಬ್ಬಿಗೆ ಹಾಕಬೇಕು. ಎಣ್ಣೆಯ ಹಳೆಯ ಡಬ್ಬಿ ಅದು, ತುಂಬ ಬೀಗದ ಕೈಗಳು. ಪುಟ್ಟಿ ತಪ್ಪದೆ ಹಾಕುತ್ತಿದ್ದಳು. “ನೋಡಿದ್ಯಾ, ಎಷ್ಟು ಶಿಸ್ತು!” ಎಂದು ಅಜ್ಜ ಸೈಕಲಿನವನ ಮುಂದೆ ಬೆನ್ನು ತಟ್ಟಿಕೊಂಡ.

ಆ ಶಿಸ್ತೇ ಒಂದು ಮಧ್ಯಾಹ್ನ ತಿರುಗಿಬಿತ್ತು. ಅಜ್ಜ ಯಂತ್ರದಲ್ಲಿ ಒಂದು ಬೀಗದ ಕೈ ಕೊರೆಯುತ್ತಿದ್ದವನು, ಯಂತ್ರ ಆರಿಸದೆಯೇ, ಬೀಗ ತರಲು ಹಿಂದಿನ ಕೋಣೆಗೆ ಹೋದ. ಪುಟ್ಟಿ ಸ್ಟೂಲಿನಿಂದ ಇಳಿದು ಆ ಕೋಣೆಯ ಬಾಗಿಲು ದೂಡಿ ಮುಚ್ಚಿದಳು. ಬಾಗಿಲಲ್ಲೇ ಇದ್ದ ಬೀಗದ ಕೈಯನ್ನು ಅಜ್ಜ ಮಾಡುವಂತೆಯೇ ತಿರುಗಿಸಿದಳು. ಎಳೆದುಕೊಂಡಳು. ಕೈಯಲ್ಲಿ ಬೀಗದ ಕೈ ಇದೆ, ಏನು ಮಾಡಬೇಕು? ಡಬ್ಬಿಗೆ ಹಾಕಿದಳು.

“ಪುಟ್ಟೀ! ಬಾಗಿಲು ತೆಗಿ!” ಮಗು ‘ಓ’ ಅನ್ನಲಿಲ್ಲ. ಹೊರಗೆ ಯಂತ್ರ ಗಿರ್ರೆನ್ನುತ್ತಿತ್ತು. ಆ ಚಕ್ರಕ್ಕೆ ಕಬ್ಬಿಣವೇ ಸವೆಯುತ್ತದೆ, ಮಗುವಿನ ಬೆರಳು ಯಾವ ಲೆಕ್ಕ? ಅಂಗಡಿಯ ಮೆಟ್ಟಿಲಾಚೆ ಗಾಡಿಗಳು ಓಡುವ ರಸ್ತೆ. ಅಜ್ಜ ಬಾಗಿಲ ಹಿಡಿ ಹಿಡಿದು ಜಗ್ಗಿದ. ಎರಡೂ ಕೈಯಿಂದ ಬಾಗಿಲು ಗುದ್ದಿ ಅರಚಿದ. ಆ ಅರಚಾಟಕ್ಕೆ ಹೆದರಿದ ಮಗು ಮೇಜಿನ ಕೆಳಗೆ ತೂರಿ ಅಳತೊಡಗಿತು. ಅಳು ಕೇಳಿ ಸೈಕಲಿನವನು ಓಡಿಬಂದ.

“ಮೊದಲು ಯಂತ್ರ ಆರಿಸೋ!” ಒಳಗಿನಿಂದ ಕೂಗು.

ಆರಿಸಿ, ಸೈಕಲಿನವನು ಬಾಗಿಲ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. “ಊರಿಗೆಲ್ಲ ಬಾಗಿಲು ತೆಗೆಯೋನೇ ಒಳಗೆ ಸಿಕ್ಕಿಬಿದ್ನಲ್ಲೋ! ಬೀಗದ ಕೈ ಆ ಡಬ್ಬಿ ರಾಶೀಲಿ ಸೇರಿಹೋಗಿರತ್ತೆ. ಇನ್ನೊಂದು ಕೈ ಎಲ್ಲಿದೆ?”

“ಮಾಡಿಲ್ಲ. ನಾಳೆ ಮಾಡೋಣ ಅಂತ...”

“ಎಷ್ಟು ವರ್ಷದಿಂದ ನಾಳೆ?”

“ಬಾಯ್ಮುಚ್ಕೊಂಡು ಏನಾದ್ರೂ ಮಾಡೋ!”

“ಬಾಗಿಲು ಒಡೆದುಬಿಡ್ಲಾ?”

“ಬೀಗದಂಗಡಿ ಬಾಗಿಲೇ ಒಡೀಬೇಕಾಯ್ತು ಅಂದ್ರೆ ನಾಳೆಯಿಂದ ಯಾರು ಬರ್ತಾರೋ ನನ್ನ ಹತ್ರ!”

ಶಿಶುಕೇಂದ್ರ ಮುಗಿಸಿ ಮನೆಗೆ ಹೊರಟಿದ್ದ ಟೀಚರಮ್ಮ ಗಲಾಟೆ ಕೇಳಿ ಒಳಗೆ ಬಂದರು. ಇಬ್ಬರಿಗೂ ಸ್ವಲ್ಪ ಸುಮ್ಮನಿರಿ ಎಂದರು. ಮೇಜಿನ ಕೆಳಗೆ ಬಗ್ಗಿ, ಅತ್ತು ಮುಗಿಯುವ ತನಕ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಡಬ್ಬಿಯನ್ನು ನೆಲದ ಮೇಲೆ ಸುರಿದರು.

“ಅಬ್ಬಾ, ಎಷ್ಟೊಂದಿದೆ! ಪುಟ್ಟಮ್ಮ, ಉದ್ದದ್ದೆಲ್ಲ ಈ ಕಡೆ ಹಾಕೋಣ್ವಾ? ಗಿಡ್ಡದ್ದು ಆ ಕಡೆ.”

ಒಳಗೆ ಅಜ್ಜ ಬಾಗಿಲಿಗೆ ಕಿವಿಗೊಟ್ಟ. ಠಣ್, ಠಣ್ ಎಂದು ಸದ್ದು.

“ಇದು?”

“ಉದ್ದ!”

“ಇದಕ್ಕೆ ತಲೆ ಹೇಗಿದೆ?”

“ದುಂಡಗೆ! ಅಜ್ಜನ ತಲೆ ಥರ! ಕೂದ್ಲೇ ಇಲ್ಲ!”

ಸೈಕಲಿನವನು ಗೊಳ್ಳೆಂದು ನಕ್ಕ. ಅವನ ಹಿಂದೆಯೇ ಇನ್ನೊಂದು ನಗು ಕೇಳಿಸಿತು. ಅಜ್ಜ ಕಣ್ಣು ಮುಚ್ಚಿದ. ಹೆಂಡತಿ ಹೋದಂದಿನಿಂದ ಕೇಳದಿದ್ದ ನಗು ಅದು. ತಾನು ಮಿಠಾಯಿ ಕೊಟ್ಟರೂ ಬರದಿದ್ದ ನಗು.

“ಟೀಚರಮ್ಮ,” ಎಂದ, ದನಿ ಇಳಿಸಿ. “ನಿಮ್ಮಲ್ಲಿ ಇದನ್ನೇ ಮಾಡೋದಾ?”

“ಹೌದಜ್ಜ. ಬೀಗದ ಕೈ ಬದಲು ಕಾಳು, ಎಲೆ, ಮರದ ತುಂಡು. ವಿಂಗಡಿಸೋದು ಬಂದ್ರೆ ಲೆಕ್ಕ ತಾನಾಗೇ ಬರತ್ತೆ. ಬೆರಳು ಪಳಗಿದ್ರೆ ಬರೆಯೋದೂ ಬರತ್ತೆ.”

“ಊಟ?”

“ಮಧ್ಯಾಹ್ನ ಬಿಸಿ ಊಟ. ತೂಕ ನೋಡ್ತೀವಿ. ಲಸಿಕೆ ನೆನಪು ಮಾಡ್ತೀವಿ.”

“ಅತ್ರೆ?”

“ಎತ್ಕೋತೀವಿ.”

“ಇಂಗ್ಲಿಷಲ್ಲೇ ಮಾತಾಡ್ಬೇಕಾ?”

“ಮನೇಲಿ ಆಡೋ ಮಾತಲ್ಲೇ. ಫೀಸೂ ಇಲ್ಲ.”

ಅಜ್ಜ ಬಾಗಿಲಿಗೆ ಹಣೆ ಆನಿಸಿದ. “ಅವಳ ಅಜ್ಜಿ ಹೋದ ದಿನ ಪಕ್ಕ ಕೂತು ಮಾತು ಕೊಟ್ಟಿದ್ದೆ, ಟೀಚರಮ್ಮ. ಮಗೂನ ಚೆನ್ನಾಗಿ ನೋಡ್ಕೋತೀನಿ ಅಂತ.”

“ನೋಡ್ಕೊಳ್ಳಿ. ನಮ್ಮಲ್ಲಿಗೆ ಕಳಿಸೋದೂ ನೋಡ್ಕೊಳ್ಳೋದೇ ಅಲ್ವಾ, ಅಜ್ಜ?”

“ಹಿಂದಿನ ಕೋಣೆ ಬೀಗದ ಕೈ ಗಿಡ್ಡದು. ಚೌಕ ತಲೆ, ಮೂರು ಹಲ್ಲು,” ಎಂದ ಅಜ್ಜ.

ಪುಟ್ಟಿ ಗಿಡ್ಡ ಗುಂಪಿನಲ್ಲಿ ಹುಡುಕಿ, ಒಂದೊಂದೇ ಹಲ್ಲು ಮುಟ್ಟಿ ನೋಡಿ, “ಸಿಕ್ತು!” ಎಂದು ಕುಣಿದಳು. ಸೈಕಲಿನವನು ಅದನ್ನು ಕಸಿದುಕೊಂಡು ಬಾಗಿಲಿಗೆ ಹಾಕಿದ.

“ತೆಗೀಬೇಡ್ವೋ!” ಒಳಗಿನಿಂದ ಗದರಿಕೆ. “ಮಗು ಆಡ್ತಾ ಇದೆ. ಮುಗೀಲಿ, ಆಮೇಲೆ ತೆಗಿ.”

ಸಂಜೆ ಕೆಲಸ ಮುಗಿಸಿ ಬಂದ ಮಗಳಿಗೆ ಕಂಡದ್ದು ಇಷ್ಟು. ನೆಲದ ತುಂಬ ಬೀಗದ ಕೈಗಳ ಸಾಲು, ನಡುವೆ ನಗುತ್ತಿರುವ ಮಗು, ಬಾಗಿಲಾಚೆಯಿಂದ ಅಪ್ಪನ ದನಿ: “ಬಂದ್ಯಾ? ನಾಳೆ ಪುಟ್ಟೀನ ಶಿಶುಕೇಂದ್ರಕ್ಕೆ ಸೇರಿಸಿ ಬರ್ತೀನಿ. ನೀನು ಅಡ್ಡಿ ಮಾಡ್ಬೇಡ.”

“ನಾನಾ?” ಎಂದು ಮಗಳು ಬಾಯಿ ಬಿಟ್ಟಳು.

ಓದುವ ತಾಯಂದಿರೇ, ತಂದೆಯರೇ, ಮೊಮ್ಮಕ್ಕಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಹಿರಿಯರೇ, ಮಗುವನ್ನು ಸುಮ್ಮನೆ ಕೂರಿಸುವುದು ಸಾಕುವುದಲ್ಲ. ನಿಮ್ಮ ಹತ್ತಿರದ ಸರ್ಕಾರಿ ಶಿಶುಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ಏನು ಕಲಿಸುತ್ತಾರೆ, ಏನು ಉಣಿಸುತ್ತಾರೆ, ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ, ಬಾಯಿಬಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು. ಸರಿಯೆನಿಸಿದರೆ ತಡಮಾಡದೆ ಸೇರಿಸಿ. ಮಗುವಿನ ಈ ವರ್ಷಗಳು ಮತ್ತೆ ಬರುವುದಿಲ್ಲ.

ಕೇಂದ್ರವೂ ಇಲ್ಲದ, ಟೀಚರೂ ಇಲ್ಲದ ಕಾಲದಲ್ಲಿ ತಮ್ಮ ಮಡಿಲನ್ನೇ ಶಾಲೆ ಮಾಡಿ ನಮ್ಮನ್ನೆಲ್ಲ ಬೆಳೆಸಿಹೋದ ತಾಯಂದಿರಿದ್ದಾರೆ. ದೇವರೇ, ಪುಟ್ಟಿಯ ಅಜ್ಜಿಯನ್ನೂ ಆ ತಾಯಂದಿರೆಲ್ಲರನ್ನೂ ನಿನ್ನ ನೆರಳಿನಲ್ಲಿ ಇಟ್ಟುಕೋ. ಅವರ ಆತ್ಮಕ್ಕೆ ಶಾಂತಿ ಕೊಡು.