ಬ್ಯಾಟರಿ ಮೇಲಿನ ಮೇಳ

ಐದು ಜನರ ಕೆಲಸವನ್ನು ಒಬ್ಬನೇ ಮಾಡಿದರೂ ಊಟಕ್ಕೆ ಹಾಕುವ ಎಲೆ ಒಂದೇ. ಕುಷ್ಟಗಿಯ ಗಾಳೇಶನಿಗೆ ಇದು ಮೂರು ವರ್ಷದಿಂದ ಚೆನ್ನಾಗಿ ಗೊತ್ತಾಗಿತ್ತು. ಮೊದಲೆಲ್ಲ ಕಾರ್ಯದ ಮನೆಗೆ ಹೋದರೆ ಅವನ ಮೇಳಕ್ಕೇ ಅರ್ಧ ಪಂಕ್ತಿ ಬೇಕಾಗುತ್ತಿತ್ತು. ಕೀಬೋರ್ಡಿಗೆ ಅವನು, ಹಾಡಿಗೆ ನೇತ್ರಾವತಿ, ಢೋಲಕ್ಕಿಗೆ ಮರ್ದಾನಸಾಬ, ಮತ್ತಿಬ್ಬರು ಕೊಳಲಿಗೆ, ತಾಳಕ್ಕೆ. ಹೋಳಿಗೆ ಯಾರ ಎಲೆಗೆ ಹೆಚ್ಚು ಬಿತ್ತು ಎಂದು ಕಚ್ಚಾಡುತ್ತಲೇ ಉಣ್ಣುತ್ತಿದ್ದರು. ಈಗ ಗುರುತಿಲ್ಲದ ಬೀಗರ ನಡುವೆ ಕೂತು, ಬಡಿಸುವವನು ಬಂದಾಗ "ಸಾಕ್ರಿ" ಎನ್ನುವುದೊಂದೇ ಅವನ ಮಾತು.

ಯಾರೂ ಜಗಳವಾಡಿ ಹೋದವರಲ್ಲ. ಲಾಕ್‌ಡೌನ್ ಮುಗಿದ ಮೇಲೆ ಕರೆಯುವವರೆಲ್ಲ "ಐದು ಮಂದಿ ಯಾಕ್ರಿ, ಒಬ್ರೋ ಇಬ್ರೋ ಬರ್ರಿ" ಎನ್ನತೊಡಗಿದರು. ನೇತ್ರಾವತಿಗೆ ಕನಕಗಿರಿಯಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು. ಕೊಳಲಿನವನು ಕೊಪ್ಪಳದಲ್ಲಿ ಮೊಬೈಲ್ ಅಂಗಡಿ ಇಟ್ಟ. ಗಾಳೇಶ ಒಂದು ಟ್ಯಾಬ್ ಕೊಂಡ.

ಅಲ್ಲಿಂದ ಮೇಳವೆಲ್ಲ ಒಂದು ಬೆನ್ನುಚೀಲದಲ್ಲಿ ಹಿಡಿಸತೊಡಗಿತು. ಟ್ಯಾಬ್, ಎರಡು ಗೇಣಿನ ಕೀಬೋರ್ಡ್, ಅಂಗೈಯಗಲದ ಸೌಂಡ್ ಕಾರ್ಡ್, ಒಂದು ಮೈಕು. ಟ್ಯಾಬಿಗೆ ಇರುವುದು ಒಂದೇ ತೂತು. ಅದಕ್ಕೆ ಹಬ್ ಎನ್ನುವ ಸಣ್ಣ ಪಟ್ಟಿ ಸಿಕ್ಕಿಸಿ ನಾಲ್ಕು ತೂತು ಮಾಡಿಕೊಂಡಿದ್ದ. ಕೀಬೋರ್ಡಿಗೂ ಸೌಂಡ್ ಕಾರ್ಡಿಗೂ ಸ್ವಂತ ಉಸಿರಿಲ್ಲ. ಎರಡೂ ಆ ಹಬ್‌ನಿಂದಲೇ ಕರೆಂಟು ಕುಡಿಯಬೇಕು, ಹಬ್‌ಗೆ ಇನ್ನಾರಾದರೂ ಕುಡಿಸಬೇಕು. ಮೊದಮೊದಲು ಗೋಡೆಯ ಪ್ಲಗ್ಗಿಗೆ ಹಾಕುತ್ತಿದ್ದ. ಕೆಲವು ಮನೆಗಳಲ್ಲಿ ಸ್ಪೀಕರಿನೊಳಗೆ ದುಂಬಿ ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ಒಂದು ಮದುವೆಯಲ್ಲಂತೂ ಬೀಗರೊಬ್ಬರು ಅವನ ಪಿನ್ ಕಿತ್ತು ತಮ್ಮ ಮೊಬೈಲ್ ಚಾರ್ಜಿಗೆ ಹಾಕಿಕೊಂಡರು. ಹಾಡು ನಿಂತಾಗ ಎಲ್ಲರಿಗಿಂತ ಮುಂಚೆ "ಏನಾತ್ರೀ ಮಾಸ್ತರ?" ಎಂದು ಕೇಳಿದವರೂ ಅವರೇ. ಅಂದಿನಿಂದ ಗಾಳೇಶ ಗೋಡೆಯ ಹಂಗು ಬಿಟ್ಟ. ಎರಡು ಪವರ್ ಬ್ಯಾಂಕ್ ತಂದ. ಒಂದೊಂದು ಎರಡು ತಾಸು ಬರುತ್ತಿತ್ತು. ಬದಲಿಸುವುದಿದ್ದರೆ ಹಾಡು ಮುಗಿದ ಮೇಲೆಯೇ ಬದಲಿಸಬೇಕು, ವೈರು ಕಿತ್ತೊಡನೆ ಹಬ್ ಒಂದು ಗಳಿಗೆ ಮೂರ್ಛೆ ಹೋಗಿ ಏಳುತ್ತದೆ ಎನ್ನುವುದನ್ನೂ ಕಲಿತ. ಸ್ಪೀಕರೂ ಚಾರ್ಜಿಂಗಿನದೇ. ಹೀಗೆ ಯಾರನ್ನೂ ಏನನ್ನೂ ಕೇಳದೆ ಹಾಡಿ ಬರುವ ಮನುಷ್ಯನಾದ.

ಕೊಳಲು, ತಂತಿ, ತಾಳ ಎಲ್ಲ ಟ್ಯಾಬಿನ ಜೊತೆಗೇ ಬಂದಿದ್ದವು. ಢೋಲಕ್ ಮಾತ್ರ ಹಾಗೆ ಬಂದದ್ದಲ್ಲ. ಟ್ಯಾಬ್ ಕೊಂಡ ಹೊಸದರಲ್ಲಿ ಗಾಳೇಶ ಮರ್ದಾನಸಾಬನನ್ನು ಮನೆಗೆ ಕರೆದು, "ಮಾಮಾ, ಮೈಕ್ ಟೆಸ್ಟ್ ಮಾಡಬೇಕು, ಒಂದೀಟು ಬಾರಸು" ಎಂದಿದ್ದ. ಮರ್ದಾನಸಾಬ ಅರ್ಧ ತಾಸು ಬಾರಿಸಿ, ಚಹಾ ಕುಡಿದು ಹೋದ. ಅವನು ಹೋದ ಮೇಲೆ ಗಾಳೇಶ ಆ ಬಡಿತದಲ್ಲಿ ಚಲೋ ಇದ್ದ ಎಂಟು ಪೆಟ್ಟು ಕತ್ತರಿಸಿ, ತಿರುತಿರುಗಿ ಬರುವಂತೆ ಜೋಡಿಸಿಕೊಂಡ. ಆಮೇಲೆ ಮರ್ದಾನಸಾಬನನ್ನು ಯಾವ ಕಾರ್ಯಕ್ಕೂ ಕರೆಯಲಿಲ್ಲ. ಇನ್ನು ಕರೆಯುವುದಿಲ್ಲ ಎಂದು ಹೇಳಲೂ ಇಲ್ಲ. ಹೇಳದೇ ಉಳಿದ ಮಾತು ಹಳೆಯದಾದಷ್ಟೂ ಹೇಳುವುದು ಕಷ್ಟ. ಕೊನೆಗೆ ಅವನ ಓಣಿಯಲ್ಲಿ ಸ್ಕೂಟರ್ ತಿರುಗಿಸುವುದನ್ನೂ ಗಾಳೇಶ ಬಿಟ್ಟ.

ಹೀಗಿರುವಾಗ ಸಿದ್ದಾಪುರದ ವಿರೂಪಾಕ್ಷಪ್ಪನ ಮನೆಯಿಂದ ಕರೆ ಬಂತು. ಮಗಳಿಗೆ ಏಳನೇ ತಿಂಗಳು, ಕುಬಸದ ಕಾರ್ಯ, ಹತ್ತು ಗಂಟೆಯಿಂದ ಎರಡರವರೆಗೆ ಹಾಡು. ಬೆಳಗಾಗುತ್ತಲೇ ಗಾಳೇಶ ಸ್ಕೂಟರ್ ಹತ್ತಿದ. ಕನಕಗಿರಿ ದಾಟುವವರೆಗೆ ಕಲ್ಲು, ಕುರುಚಲು. ಆಮೇಲೆ ಕಾಲುವೆ, ಕಣ್ಣು ಹಾಯುವವರೆಗೂ ಭತ್ತ. ಮನೆ ಮುಂದೆ ಶಾಮಿಯಾನ ಹಾಕಿದ್ದರು. ಸ್ಕೂಟರ್ ನಿಲ್ಲಿಸಿ ಚೀಲ ಇಳಿಸುವಾಗ ಬೇವಿನ ಗಿಡದ ಕೆಳಗೆ ಒಬ್ಬ ಮನುಷ್ಯ ಬಗ್ಗಿ ಜನರೇಟರಿನ ಹಗ್ಗ ಜಗ್ಗುತ್ತಿದ್ದ. ಬೆನ್ನು ನೋಡಿದರೇ ಸಾಕಾಯಿತು. ಮರ್ದಾನಸಾಬ.

"ಇವತ್ತು ಲೈನ್ ರಿಪೇರಿ ಐತ್ರಿ, ಸಂಜಿತನಾ ಕರೆಂಟ್ ಇಲ್ಲ" ಎಂದ ವಿರೂಪಾಕ್ಷಪ್ಪ, ನೀರಿನ ಚೊಂಬು ಕೊಡುತ್ತ. "ಅದಕ್ಕ ಟೆಂಟ್‌ನವರ ಕಡಿಂದ ಜನರೇಟರ್ ತರಿಸೀವಿ. ನಿಮಗೂ ಒಂದು ಲೈನ್ ಎಳಸ್ಲೇನು ಮಾಸ್ತರ?"

"ಬ್ಯಾಡ್ರಿ ಗೌಡ್ರ, ನಂದೆಲ್ಲಾ ಬ್ಯಾಟರಿ ಮ್ಯಾಲ ನಡಿತೈತಿ."

"ಅಡ್ಡಿಲ್ಲ ಬಿಡ್ರಿ! ಯಾರ ಕಾಟಾನೂ ಇಲ್ಲ ನಿಮಗ."

ಗಾಳೇಶ ನಕ್ಕಂತೆ ಮಾಡಿದ. ಎದೆಯಲ್ಲಿ ಇದ್ದದ್ದು ಒಂದೇ ಚಿಂತೆ. ತನ್ನ ಕೈಯ ಢೋಲಕ್ಕನ್ನು ತಾನೇ ಕೇಳಿದರೆ ಮರ್ದಾನಸಾಬ ಗುರುತು ಹಿಡಿಯದೇ ಇರುತ್ತಾನೆಯೇ? ಹಿಡಿದು, ಇಷ್ಟು ಜನರ ನಡುವೆ ಎದ್ದು ಬಂದು, "ಇದು ನಂದು" ಎಂದರೆ ಯಾವ ಮುಖ ತೋರಿಸುವುದು? ಸ್ಪೀಕರನ್ನು ಬೇವಿನ ಗಿಡಕ್ಕೆ ಬೆನ್ನು ಮಾಡಿ ಇಟ್ಟ. ಜನರೇಟರಿನ ಸದ್ದು ದೊಡ್ಡದಿದ್ದದ್ದು ಆ ದಿನ ಅವನಿಗೆ ದೇವರು ಕೊಟ್ಟಂತೆ ಕಂಡಿತು.

ಮೊದಲ ಹಾಡನ್ನು ಢೋಲಕ್ ಇಲ್ಲದೆ ಬರೀ ಕೀಬೋರ್ಡಿನಲ್ಲಿ ಹಾಡಿದ. ಮುಂದಿನ ಸಾಲಿನಲ್ಲಿ ಕಾಲು ನೀಡಿ ಕೂತಿದ್ದ ಮುದುಕಿ ಹುಲಿಗವ್ವ, ಬಸುರಿಯ ಸೋದರತ್ತೆ, ಸುಮ್ಮನಿರುವ ಜಾತಿಯವಳಲ್ಲ.

"ಏ ತಮ್ಮಾ, ತಾಳ ಎಲ್ಲಿ ಹೋತೋ? ಕುಬಸಕ್ಕ ಬಂದೀಯೋ, ಮಣ್ಣಿಗೆ ಬಂದೀಯೋ?"

ಹೆಂಗಸರೆಲ್ಲ ನಕ್ಕರು. ಇನ್ನೊಬ್ಬಳು, "ತಾಳ ಇಲ್ಲದ ಹಾಡು ಉಪ್ಪಿಲ್ಲದ ಸಾರು ಬಿಡ್ರಿ" ಎಂದಳು. ಗಾಳೇಶನ ಬೆರಳು ಬೇರೆ ದಾರಿಯಿಲ್ಲದೆ ಪರದೆಯ ಮೇಲೆ ಹೋಯಿತು. ಢೋಲಕ್ ಶುರುವಾಯಿತು. ಹೆಂಗಸರ ತಲೆಗಳು ತೂಗತೊಡಗಿದವು. ಬೇವಿನ ಗಿಡದ ಕಡೆ ಅವನು ನೋಡಲಿಲ್ಲ. ನೋಡದೇ ಇರುವುದಕ್ಕೆ ಎಷ್ಟು ಬಲ ಬೇಕೆಂದು ಅವತ್ತು ತಿಳಿಯಿತು.

ಹನ್ನೆರಡಕ್ಕೆ ಮೊದಲ ಪವರ್ ಬ್ಯಾಂಕ್ ಬರಿದಾಯಿತು. ಹಾಡು ಮುಗಿದ ಸಂದಿನಲ್ಲಿ ಎರಡನೆಯದನ್ನು ಸಿಕ್ಕಿಸಿದ. ನಾಲ್ಕೂ ದೀಪ ಹೊಳೆದವು. ಆದರೆ ಆ ಬ್ಯಾಂಕಿಗೆ ವಯಸ್ಸಾಗಿತ್ತು. ದೀಪ ನಾಲ್ಕಿದ್ದರೂ ಒಳಗೆ ಕಸುವಿರಲಿಲ್ಲ. ಮೇಲಾಗಿ ಬಿಸಿಲಿಗೆ ಕಾಣಲೆಂದು ಪರದೆಯ ಬೆಳಕನ್ನು ಪೂರ್ತಿ ಏರಿಸಿದ್ದ. ಬ್ಯಾಂಕ್ ಆ ಹಬ್ ಅನ್ನು ಸಾಕುವುದರಲ್ಲೇ ಸೋತು, ಟ್ಯಾಬ್ ತನ್ನ ಗಂಟು ತಾನೇ ತಿನ್ನುತ್ತ ಇಳಿಯುತ್ತಿತ್ತು. ದಿನವೂ ಇದನ್ನೆಲ್ಲ ಲೆಕ್ಕ ಹಿಡಿಯುವ ಮನುಷ್ಯ ಅವತ್ತಿನ ಹೊತ್ತನ್ನೆಲ್ಲ ಬೇವಿನ ಗಿಡದ ಕಡೆ ಕಣ್ಣು ಹೋಗದಂತೆ ನೋಡಿಕೊಳ್ಳುವುದರಲ್ಲೇ ಕಳೆದಿದ್ದ.

ಒಂದು ಗಂಟೆಯ ಹೊತ್ತಿಗೆ ಬಸುರಿಯನ್ನು ಹಸಿರು ಸೀರೆಯಲ್ಲಿ ತಂದು ಕೂಡಿಸಿದರು. ಬಳೆ ತೊಡಿಸಿದರು, ಉಡಿ ತುಂಬಿದರು. ಆರತಿ ತಟ್ಟೆ ಎತ್ತಿದರು. ಆರತಿ ಹಾಡು ನಡುವೆ ನಿಲ್ಲಬಾರದು, ಅದೊಂದು ಕಟ್ಟಳೆ. ಎರಡನೇ ನುಡಿಗೆ ಬರುವಾಗ ಸ್ಪೀಕರಿನಲ್ಲಿ ಟಕ್ ಎಂದಿತು. ಕೀಬೋರ್ಡ್ ಸತ್ತಿತು, ಮೈಕು ಸತ್ತಿತು, ಢೋಲಕ್ ಸತ್ತಿತು. ಟ್ಯಾಬಿನ ಮೂಲೆಯಲ್ಲಿ ಬ್ಯಾಟರಿ ಶೇಕಡಾ ಮೂರು ಎಂದು ಕೆಂಪಗೆ ಕಂಡು, ಪರದೆಯೂ ಕಪ್ಪಾಯಿತು.

ಅರೆಗಳಿಗೆ ಎಲ್ಲರೂ ಅವನನ್ನು ನೋಡಿದರು. ಹುಲಿಗವ್ವ ಮಾತ್ರ ಎದ್ದಳು. "ಇದರ ಉಸುರು ಹೋತು, ನಮ್ಮ ಉಸುರು ಹೋಗಿಲ್ಲಲ್ಲ, ಹಾಡ್ರೇ!" ಎಂದು ತಾನೇ ಎತ್ತಿಕೊಂಡಳು. ಹತ್ತು ಹೆಂಗಸರು ದನಿಗೂಡಿಸಿದರು. ಆರತಿ ನಿಲ್ಲಲಿಲ್ಲ. ಎಲ್ಲರೂ ಹಾಡುವ ಆ ಮಂದಿಯ ನಡುವೆ, ಮುಂದೆ ಅಷ್ಟೆಲ್ಲ ಸಾಮಾನು ಹರವಿಕೊಂಡು, ದನಿಯಿಲ್ಲದೆ ಕೂತವನು ಅವನೊಬ್ಬನೇ.

ವಿರೂಪಾಕ್ಷಪ್ಪ ಬಗ್ಗಿ, "ಇನ್ನೂ ಒಂದು ತಾಸು ಐತಲ್ರಿ ಮಾಸ್ತರ, ಬೀಗರು ಉಣ್ಣಾಕ ಕುಂಡ್ರತಾರ" ಎಂದ. ಬೈಗುಳವಿರಲಿಲ್ಲ. ಆದರೆ ಅದೂ ಒಂದು ಬೈಗುಳವೇ. ಗಾಳೇಶ ಚೀಲದ ತಳದಿಂದ ಚಾರ್ಜರ್ ಹುಡುಕಿ ಹಿಡಿದುಕೊಂಡು ಬೇವಿನ ಗಿಡದತ್ತ ನಡೆದ. ಐವತ್ತು ಹೆಜ್ಜೆ ಇರಬಹುದು. ಮೂರು ವರ್ಷದಲ್ಲಿ ನಡೆಯದೇ ಉಳಿದದ್ದು ಅಷ್ಟೇ ದಾರಿ.

"ಬರ್ರಿ ಮಾಸ್ತರ" ಎಂದ ಮರ್ದಾನಸಾಬ. ಮೊದಲು 'ಅಳಿಯಾ' ಎನ್ನುತ್ತಿದ್ದ.

"ಒಂದು ಲೈನ್ ಬೇಕಾಗಿತ್ತು ಮಾಮಾ."

"ಎಷ್ಟು ತಿಂತೈತ್ರಿ ನಿಮ್ಮ ಸಾಮಾನು?"

"ಒಂದು ಬಲ್ಬಿನಷ್ಟು ಐತಿ, ಅಷ್ಟ."

"ಹಂಗಾರ ಮುಂಜಾನೇನ ಕೇಳಬೇಕಿತ್ತಲ್ರಿ." ಮರ್ದಾನಸಾಬ ಹೆಗಲಿಗೆ ವೈರಿನ ಸುರುಳಿ ಹಾಕಿದ. "ಅಡಗಿ ಮನಿ ಮಿಕ್ಸರ್ ಇದ್ದ ಲೈನಿಗೆ ಕೊಟ್ರ ಗುಂಯ್ ಅಂತೈತಿ. ಲೈಟಿನ ಲೈನಿಗೆ ಕೊಡ್ತೀನಿ, ತಡೀರಿ."

ಅವನೇ ಮುಂದಾಗಿ ಶಾಮಿಯಾನದ ಅಂಚಿನಗುಂಟ ವೈರು ಎಳೆದ. ಚಾರ್ಜರ್ ಸಿಕ್ಕಿಸಿದ ಮೇಲೆ, ಯಾರೂ ಕೀಳದಂತೆ ಪಿನ್ನಿಗೆ ಕರೀ ಟೇಪು ಮೂರು ಸುತ್ತು ಸುತ್ತಿದ. ಹದಿನೈದು ನಿಮಿಷಕ್ಕೆ ಟ್ಯಾಬ್ ಕಣ್ಣು ಬಿಟ್ಟಿತು. ಬೀಗರ ಪಂಕ್ತಿ ಕೂತಿತು. ಹಾಡು ಹಚ್ಚಲೇಬೇಕು. ಗಾಳೇಶ ಢೋಲಕ್ ಹಾಕಿದ. ಮರ್ದಾನಸಾಬ ಮೂರು ಮಾರು ದೂರದಲ್ಲಿ ಉಳಿದ ವೈರನ್ನು ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. ಸುತ್ತಿ ಮುಗಿಸಿ ಗಿಡದ ಕೆಳಗೆ ಹೋಗಿ ಕೂತ.

ಎಲ್ಲ ಮುಗಿದು ಜನರೇಟರ್ ಆರಿಸಿದ ಮೇಲೆ ಊರೇ ಕಿವುಡಾದಂತೆ ನಿಶ್ಶಬ್ದವಾಯಿತು. ಗಾಳೇಶ ಊಟಕ್ಕೂ ಕೂರದೆ ಗಿಡದ ಬಳಿಗೆ ಹೋದ.

"ಗುರುತು ಹತ್ತಿತೇನು ಮಾಮಾ?"

ಏನೆಂದು ಮರ್ದಾನಸಾಬ ಕೇಳಲಿಲ್ಲ. ಹಳೇ ಬಟ್ಟೆಗೆ ಕೈ ಒರೆಸಿಕೊಂಡ. "ಇವತ್ತಲ್ಲ, ಎರಡು ವರ್ಷದ ಹಿಂದನ ಹತ್ತೇತಿ. ಗಂಗಾವತಿ ಬಸ್‌ಸ್ಟ್ಯಾಂಡಿನಾಗ ಯಾರೋ ಮೊಬೈಲಿನಾಗ ನಿನ್ನ ಹಾಡು ಹಚ್ಚಿದ್ರು. ಮನಿಗೆ ಹೋಗಿ ಹೇಣ್ತಿ ಹಜರತಬೀಗೆ ಹೇಳಿದೆ, ನೋಡ, ನಾ ಇಲ್ಲೂ ಅದೀನಿ, ಅಲ್ಲೂ ಬಾರಸಾಕತ್ತೀನಿ ಅಂತ. 'ಪಗಾರ ಮಾತ್ರ ಎಲ್ಲೂ ಇಲ್ಲ' ಅಂತ ನಕ್ಕಳು."

"ಗೊತ್ತಿದ್ದೂ ಯಾಕ ಬಂದು ಕೇಳಲಿಲ್ಲ?"

"ನೀ ಬಂದು ಹೇಳ್ತಿ ಅಂತ ಇದ್ದೆ."

ಬೆಳಗಿನಿಂದ, ಅಲ್ಲ, ಮೂರು ವರ್ಷದಿಂದ ಗಾಳೇಶ ಹೆದರಿ ಕಾಯುತ್ತಿದ್ದ ಜಗಳ ಇರಲೇ ಇಲ್ಲ. ಇದ್ದಿದ್ದರೆ ಎಷ್ಟು ಚಲೋ ಇತ್ತು ಎನ್ನಿಸಿತು. "ಬ್ಯಾಡ ಅಂದ್ರ ಈಗ, ನಿನ್ನ ಮುಂದನ ಅಳಸ್ತೀನಿ ಮಾಮಾ" ಎಂದ.

"ಅಳಿಸಿ ಏನ್ ಮಾಡ್ತಿ? ನನ್ನ ಢೋಲಕ್ಕಿನ ಚರ್ಮ ಇಲಿ ಕಡದು ಎರಡು ಮಳಿಗಾಲ ಆತು. ಅದಾದ್ರೂ ಬಾರಸ್ಲಿ ಬಿಡು." ಮರ್ದಾನಸಾಬ ಜನರೇಟರಿಗೆ ಹಗ್ಗ ಬಿಗಿದ. "ಒಂದು ಮಾತು ಮಾತ್ರ ಮನಸಿನಾಗ ಐತಿ. ಅವತ್ತು ನನಗ ಜ್ವರ ಬಂದಿತ್ತು. ಮೈಕ್ ಟೆಸ್ಟ್ ಅಂದಿ, ಹೆಂಗರ ಆಗಲಿ ಅಂತ ಬಾರಿಸಿದೆ. ಆರನೇ ಪೆಟ್ಟು ಒಂದು ಚೂರು ತಡ ಬೀಳ್ತೈತಿ. ಅದನ್ನ ಊರೂರಿಗೆ ಕೇಳಿಸಿದಿ. ಹಾಡಿಗೆ ಬೇಕು ಅಂದಿದ್ರ ಸರಿಯಾಗಿ ಬಾರಸ್ತಿದ್ದೆನಪಾ."

"ಬರೋ ಐತವಾರ ಯಲಬುರ್ಗಾ ಕಡಿ ಮಂಗಳೂರಾಗ ಮನಿ ಓಪನಿಂಗ್ ಐತಿ. ಚರ್ಮ ನಾ ಹಾಕಸ್ತೀನಿ. ಬಾ ಮಾಮಾ."

"ಅವತ್ತು ಕಾರಟಗಿಯಾಗ ಮದುವಿ ಐತಿ. ಜನರೇಟರ್ ಯಾರು ನೋಡ್ತಾರ?" ಸೈಲೆನ್ಸರಿಗೆ ತಾಗಿ ಸುಟ್ಟು ಗಟ್ಟಿಯಾದ ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದ. "ಈ ಕೈ ಇನ್ನ ಹಗ್ಗ ಜಗ್ಗಾಕ ಅಷ್ಟ ಚಲೋ. ಹೊತ್ತಾತು, ಹೊಂಡ್ರಿ ಮಾಸ್ತರ."

ಟೆಂಪೋ ಬಂತು. ಜನರೇಟರನ್ನು ಇಬ್ಬರೂ ಕೂಡಿ ಎತ್ತಿ ಹೇರಿದರು. ಮೂರು ವರ್ಷದಲ್ಲಿ ಕೂಡಿ ಮಾಡಿದ ಕೆಲಸ ಅದೊಂದೇ.

ಐತವಾರ ಮಂಗಳೂರಿನ ಹೊಸ ಮನೆಯಲ್ಲಿ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಗಾಳೇಶ ಬೇಗನೆ ಹೋಗಿ ಒಂದು ಮೂಲೆಯಲ್ಲಿ ಕೂತು ಟ್ಯಾಬ್ ತೆರೆದ. ಎಂಟು ಪೆಟ್ಟು ಎಂಟು ಗೆರೆಯಾಗಿ ಪರದೆಯ ಮೇಲೆ ನಿಂತಿದ್ದವು. ಆರನೆಯದು ನಿಜಕ್ಕೂ ಕೂದಲೆಳೆಯಷ್ಟು ಹಿಂದೆ ಇತ್ತು. ಇಷ್ಟು ದಿನ ತನ್ನ ಕಿವಿಗೆ ಬೀಳದ್ದು ಜ್ವರದಲ್ಲಿ ಬಾರಿಸಿದವನ ಕಿವಿಗೆ ಬಿದ್ದಿತ್ತು. ಬೆರಳಿನಿಂದ ತುಸು ಮುಂದೆ ದೂಡಿದರೆ ಮುಗಿಯಿತು, ಒಂದು ನಿಮಿಷದ ಕೆಲಸ. ಬೆರಳನ್ನು ಆ ಗೆರೆಯ ಮೇಲೆ ಇಟ್ಟ. ಒಂದಷ್ಟು ಹೊತ್ತು ಹಾಗೇ ಇಟ್ಟುಕೊಂಡಿದ್ದು, ತೆಗೆದ.

ಮನೆಯವರು ಬಂದು, "ಶುರು ಮಾಡ್ರಿ ಮಾಸ್ತರ" ಎಂದರು. ಢೋಲಕ್ ಹಾಕಿ ಹಾಡಲು ತೊಡಗಿದ. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದು ಬರುವ ಹೊತ್ತಿಗೆ ಗಾಳೇಶನ ಬಲಗೈ ಕೀಬೋರ್ಡಿನ ಮೇಲೆ ಎತ್ತಿದಂತೆಯೇ ನಿಂತಿತು. ಪೆಟ್ಟು ಬಿದ್ದ ಮೇಲೆ ಇಳಿಯಿತು. ಮುಂದಿನ ಸುತ್ತಿನಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ ಹಾಗೆಯೇ ಕಾಯುತ್ತ ಮಧ್ಯಾಹ್ನದವರೆಗೆ ಬಾರಿಸಿದ.