ಒಗ್ಗಿದವರು

"ಕೈಗವಸು ಬೇಕಂತೆ ಕೈಗವಸು! ಏನು, ಆಪರೇಷನ್ ಮಾಡೋಕೆ ಬಂದಿದ್ದೀರಾ? ಒಗೆಯೋ ಮುಂಡೇರಿಗೆ ಒಗೆಯೋ ಕೈ ಸಾಕು."

ಮೇಸ್ತ್ರಿ ಇದನ್ನು ಬಾಗಿಲಲ್ಲೇ ನಿಂತು ಹೇಳಿದ. ಒಳಗೆ ಬಂದರೆ ವಾಸನೆ.

ದೊಡ್ಡಮ್ಮ ತಲೆ ಎತ್ತಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೂರು ಯಂತ್ರಗಳ ಗಡಗಡದ ನಡುವೆ, ವಾರ್ಡುಗಳಿಂದ ಇಳಿದು ಬಂದ ಹಾಸುಬಟ್ಟೆಯ ರಾಶಿ ಬಿಡಿಸುವುದು ಅವಳ ಕೆಲಸ. ರಕ್ತದ್ದು ಒಂದು ಕಡೆ, ಹೇಲು ಉಚ್ಚೆಯದ್ದು ಒಂದು ಕಡೆ. ಒಂದೊಂದು ಮಡಿಕೆಯನ್ನೂ ಹಾವಿನ ಬುಟ್ಟಿ ತೆರೆದ ಹಾಗೆ ತೆರೆಯಬೇಕು. ಮೇಲೆ ಯಾರೋ ಯಾರಿಗೋ ಚುಚ್ಚಿ, ಅವಸರದಲ್ಲಿ ಹಾಸಿಗೆಯ ಮೇಲೇ ಬಿಟ್ಟ ಸೂಜಿ ಒಳಗೆ ಕೂತಿರುತ್ತದೆ.

ಅಂಥದೊಂದು ಸೂಜಿ ವರ್ಷದ ಹಿಂದೆ, ಆಗ ಇಲ್ಲೇ ಒಗೆಯುತ್ತಿದ್ದ ಸೊಸೆಯ ಹೆಬ್ಬೆರಳಿಗೆ ಹೊಕ್ಕಿತ್ತು. ಲಿವರ್ ಕೆಟ್ಟಿದೆ ಅಂದರು. ಈಗ ಅವಳ ಕಣ್ಣೆಲ್ಲ ಹಳದಿ. ಎದ್ದು ಒಂದು ಚೊಂಬು ನೀರು ಕುಡಿಯಬೇಕಾದರೂ ಗೋಡೆ ಹಿಡಿಯುತ್ತಾಳೆ. ಚುಚ್ಚಿದ ವಾರವೇ ದೊಡ್ಡಮ್ಮ ಕಾರ್ಮಿಕ ಇಲಾಖೆಗೆ ಕಾಗದ ಬರೆದಿದ್ದಳು. ಐವತ್ತು ದಾಟಿದ ಮೇಲೆ ಅಕ್ಷರ ಕಲಿತ ಕೈ, ಒಂದು ಪುಟಕ್ಕೆ ಮೂರು ದಿನ ಹಿಡಿದಿತ್ತು. ಕಳಿಸಿರಲಿಲ್ಲ. ಹೆಸರಿಲ್ಲದ ಅರ್ಜಿ ಕಸದ ಬುಟ್ಟಿಗೆ ಹೋಗುತ್ತೆ ಅಂತ ಅಕ್ಷರ ಕಲಿಸಿದ ಮೇಷ್ಟ್ರು ಹೇಳಿದ್ದರು. ಹೆಸರು ಹಾಕಿದರೆ ಕೆಲಸ ಹೋಗುತ್ತೆ, ಕೆಲಸದ ಹಿಂದೆಯೇ ಸೊಸೆಗೆ ಇಲ್ಲಿ ಸಿಗುವ ಪುಕ್ಕಟೆ ಔಷಧಿಯೂ ಹೋಗುತ್ತೆ.

"ಇನ್ನೊಂದು," ಅಂದ ಮೇಸ್ತ್ರಿ. "ದೊಡ್ಡಮ್ಮ, ನಿನ್ನ ಸೊಸೆ ಔಷಧಿ ಇವತ್ತಿಂದ ಬಂದ್. ಯಾಕೆ ಏನು ಅಂತ ಮೇಲೆ ಹೋಗಿ ಕೇಳ್ಕೋ."

ಮೇಲೆ ಅಧಿಕಾರಿ ಕೂರು ಅನ್ನಲಿಲ್ಲ. ಮೇಜಿನ ಮೇಲಿದ್ದ ದಪ್ಪ ವರದಿಯನ್ನು ಬೆರಳಿಂದ ತಟ್ಟಿದ.

"ಇದು ನಾನು ಹೇಳ್ತಿರೋದಲ್ಲಮ್ಮ. ವಿಜ್ಞಾನ ಹೇಳ್ತಿರೋದು. ಸಮಾಜ ವಿಜ್ಞಾನ."

"ಕೊಡಿ ಸ್ವಾಮಿ, ಓದ್ತೀನಿ."

"ನೀನಾ?" ಅವನಿಗೆ ನಗು ಬಂತು. ನಗುತ್ತಲೇ ಕೊಟ್ಟ.

ಅವಳು ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. 'ಒಗ್ಗಿಕೊಳ್ಳುವಿಕೆಯ ಸಿದ್ಧಾಂತ ಮತ್ತು ಕೆಳಸ್ತರದ ಶ್ರಮಿಕರ ವರ್ತನೆ: ಒಂದು ಅಧ್ಯಯನ. ಸಂದರ್ಶಿಸಿದ ನಲವತ್ತೊಂದು ಮಹಿಳೆಯರೂ ಈ ಕೆಲಸಕ್ಕೆ ಒಗ್ಗಿರುವುದಾಗಿ ಹೆಮ್ಮೆಯಿಂದ ಉತ್ತರಿಸಿದ್ದಾರೆ. ಇದು ತಲೆಮಾರಿನಿಂದ ಬಂದ ಗುಣ. ಅಪಾಯದ ಕಲ್ಪನೆಯೇ ಇವರಲ್ಲಿಲ್ಲ. ಕೈಗವಸು ಕೊಟ್ಟರೂ ಬಳಸಲಾರರು. ಇವರ ಕಾಯಿಲೆಗಳಿಗೆ ಮೂಲ ಕೆಲಸವಲ್ಲ, ಮನೆಯ ಕೊಳಕು.'

'ಒಗ್ಗಿ' ಎಂಬಲ್ಲಿ ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಅಲ್ಲಿಗೇ ಬಂತು.

ಇದನ್ನು ಬರೆದ ಪ್ರೊಫೆಸರ್ ಬಂದದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಮೂಗು ಬಾಯಿ ಸೇರಿಸಿ ಕರವಸ್ತ್ರ ಒತ್ತಿಕೊಂಡಿದ್ದ. ಆ ಗಡಗಡದಲ್ಲಿ, ಆ ಬಟ್ಟೆಯೊಳಗಿಂದ, ಒಬ್ಬೊಬ್ಬರನ್ನೂ ಕೇಳಿದ್ದ: "ರಕ್ತದ ಬಟ್ಟೆಗೂ ಒಗ್ಗಿದ್ದೀರಾ?" ಒಗೆಯುವವರ ಕಿವಿಗೆ ಕೇಳಿಸಿದ್ದು ಒಗೆಯುವವರ ಮಾತೇ. ಒಗೆದಿದ್ದೀರಾ? "ಒಗೆದಿದ್ದೀವಿ ಸಾರ್! ನಮ್ಮತ್ತೆ ಕಾಲದಿಂದ ಒಗೆದಿದ್ದೀವಿ!"

"ಈ ಪುಸ್ತಕದೋರು ಮತ್ತೆ ಬರ್ತಾರಾ ಸ್ವಾಮಿ?"

"ನಾಳೇನೇ. ಫೋಟೋ ತೆಗೀತಾರೆ. ಎಲ್ಲರೂ ಒಗೆದ ಬಟ್ಟೆ ಹಾಕ್ಕೊಂಡು ಬನ್ನಿ."

ಕೆಳಗೆ ಬಂದು ಹೇಳಿದಾಗ ಎಲ್ಲರಿಗಿಂತ ಮೊದಲು ಹಾರಿದ್ದು, ಅಲ್ಲಿನವರು ಬಾಯಿಬಡುಕಿ ಅಂತಲೇ ಕರೆಯುವ ಹೆಂಗಸು. "ಅಯ್ಯೋ ಅವನ ಬಾಯಿಗೆ ಮಣ್ಣಾಕ! ನಾನು ಎದೆ ತಟ್ಕೊಂಡು ಹೇಳಿದ್ನಲ್ಲೇ! ಆ ಬೋಳಿಮಗ ತಲೆದೂಗಿ ಬರ್ಕೊಂಡ್ನಲ್ಲೇ!"

ಯಾರೋ ನಕ್ಕರು. ನಕ್ಕವಳೇ ಅಳತೊಡಗಿದಳು. ದೊಡ್ಡಮ್ಮ ಅಳಲಿಲ್ಲ. "ನಾಳೆ ಬರ್ಲಿ. ಒಗೆಯೋದು ಅಂದ್ರೆ ಏನು ಅಂತ ತೋರಿಸೋಣ," ಅಂದಳು.

ಮರುದಿನ ಪ್ರೊಫೆಸರ್ ಬಂದ, ಜೊತೆಗೆ ಅಧಿಕಾರಿ, ಮೇಸ್ತ್ರಿ, ಫೋಟೋದವನು. "ಈ ಕೈಗಳನ್ನು ನೋಡಿ," ಎಂದು ಪ್ರೊಫೆಸರ್ ಕರವಸ್ತ್ರದೊಳಗಿಂದ ಶುರುಮಾಡುವಷ್ಟರಲ್ಲಿ ದೊಡ್ಡಮ್ಮ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದಳು. ತೊಟ್ಟಿಕ್ಕುವ ನೀರು ಕೇಳುವಷ್ಟು ಸದ್ದಡಗಿತು. ಹಿಂದೆ ಯಾರೋ ಬಾಗಿಲಿಗೆ ಅಗುಳಿ ಹಾಕಿದರು.

"ಈಗ ಕೇಳ್ಸುತ್ತೆ ಸಾರ್. ಬಾಯಿ ಮೇಲಿನ ಬಟ್ಟೆ ತೆಗೆದು, ಅವತ್ತಿನ ಪ್ರಶ್ನೆ ಇನ್ನೊಂದ್ಸಲ ಕೇಳಿ."

"ಏಯ್! ಬಾಗಿಲು ತೆಗೀರೇ ಹಲ್ಕಟ್ ಮುಂಡೇರಾ!" ಮೇಸ್ತ್ರಿ ಕೂಗಿದ. ನಲವತ್ತು ಜನ ಹೆಂಗಸರು ಅವನ ಮುಖವನ್ನು ಸುಮ್ಮನೆ ನೋಡಿದರು. ಅವನು ಫೋಟೋದವನ ಹಿಂದಕ್ಕೆ ಸರಿದ.

ಬಾಯಿಬಡುಕಿ ಬಿಡಿಸದ ರಾಶಿಯನ್ನು ಪ್ರೊಫೆಸರನ ಕಾಲಬುಡಕ್ಕೆ ತಳ್ಳಿದಳು.

"ಕೈ ಹಾಕಿ ಸಾರ್," ಅಂದಳು ದೊಡ್ಡಮ್ಮ. "ಮೊಣಕೈ ತನಕ. ಒಂದೇ ಸಲ."

ಅವನ ಎರಡೂ ಕೈ ಜೇಬಿಗಿಳಿದವು. "ನನಗೆ... ಅಭ್ಯಾಸ ಇಲ್ಲ."

"ಎಷ್ಟು ಸಲ ಚುಚ್ಚಿಸ್ಕೊಂಡ್ರೆ ಅಭ್ಯಾಸ ಆಗುತ್ತೆ? ಅದನ್ನ ಬರೆದೇ ಇಲ್ವಲ್ಲ ನಿಮ್ಮ ಪುಸ್ತಕದಲ್ಲಿ."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಒಂದು ಹೆಜ್ಜೆ ಹಿಂದೆ. ಬೆನ್ನು ಒದ್ದೆ ಗೋಡೆಗೆ ತಾಗಿತು. ಬೂಟಿನ ಕೆಳಗೆ ಏನೋ ಕಟಕ್ ಅಂದಿತು, ಬರೀ ಅಂಗಿಯ ಗುಂಡಿ. ಆದರೂ ಪ್ರೊಫೆಸರ್ ಕಿಟಾರನೆ ಕಿರುಚಿದ. ಉಸಿರು ತಿರುಗಲು ಬಹಳ ಹೊತ್ತಾಯಿತು. ದೊಡ್ಡಮ್ಮ ಅಷ್ಟೂ ಹೊತ್ತು ಅವನನ್ನು ಕಣ್ತುಂಬ ನೋಡಿದಳು, ಹಸಿದವರು ಅನ್ನ ನೋಡುವ ಹಾಗೆ. ಆಮೇಲೆ ತಾನೇ ಹೋಗಿ ಅಗುಳಿ ತೆಗೆದಳು.

"ನಾಳೆಯಿಂದ ನೀನು ಬರಬೇಡ!" ಹೊರಗೆ ಹೋದ ಮೇಲೆ ಅಧಿಕಾರಿಗೆ ದನಿ ಬಂತು.

ಮನೆಯಲ್ಲಿ ಅವಳು ಹಳೆಯ ಕಾಗದ ತೆಗೆದು, 'ದಯಮಾಡಿ' ಎಂದಿದ್ದ ಕಡೆಯೆಲ್ಲ ಅಡ್ಡಗೀಟು ಎಳೆದಳು. ತಲೆಬರಹ ಹಾಕಿದಳು: 'ಮೇಲಿನವರ ವರ್ತನೆ: ಒಂದು ಅಧ್ಯಯನ.' ಕೆಳಗೆ ಸೇರಿಸಿದಳು: 'ಒಂಬತ್ತು ವರ್ಷದಲ್ಲಿ ಹದಿನೇಳು ಸಾಹೇಬರು ನೆಲಮಾಳಿಗೆಗೆ ಇಳಿದರು. ಬಟ್ಟೆಯ ರಾಶಿ ಕಂಡು ಹದಿನೇಳು ಜನರ ಕೈಯೂ ಜೇಬಿಗಿಳಿಯಿತು. ಇವರಿಗೆ ನಮ್ಮ ಸಾವು ಒಗ್ಗಿದೆ.' ತನ್ನ ಹೆಸರನ್ನು ಪೂರ್ತಿ ಬರೆದಳು. ನಲವತ್ತು ಜನರೂ ಬಂದು ಸಹಿ ಹಾಕಿದರು, ಇಲ್ಲವೇ ಹೆಬ್ಬೆಟ್ಟು ಒತ್ತಿದರು.

ಸೊಸೆ ಮಲಗಿದಲ್ಲಿಂದಲೇ ಕೈ ಚಾಚಿದಳು. "ಅತ್ತೆ, ನನ್ನ ಹೆಸರೂ ಹಾಕಿ. ನಾನಿರೋವಾಗ್ಲೇ ಹಾಕಿ."

ಅಂಚೆ ಕಚೇರಿಯಲ್ಲಿ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿ, ಮುದ್ರೆ ಎತ್ತಿ ಮೆಲ್ಲಗೆ ಒತ್ತಿದ.

"ಸರಿಯಾಗಿ ಬಿದ್ದಿಲ್ಲ ಕಣಪ್ಪ," ಅಂದಳು ದೊಡ್ಡಮ್ಮ. "ಗಟ್ಟಿಯಾಗಿ ಹೊಡಿ."